ಹಾನುಬಾಳಿನಲ್ಲಿ ಊಟ: ಹಿಂದಿನ ದಿನವೇ ಹೇಳಿಡಿ

ಸಕಲೇಶಪುರದಿಂದ ಮೂಡಿಗೆರೆ ರಸ್ತೆ ಹಿಡಿದು ಹೊರಟರೆ ನಡುವೆ ಹಾನುಬಾಳು ಸಿಗುತ್ತದೆ. ಸುತ್ತಲೂ ಕಾಫಿ ತೋಟ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಗದ್ದೆ. ಬೆಟ್ಟ ಹತ್ತಲು ಬರುವ ಪೇಟೆಯವರು ಮೂರು ಗಂಟೆಗೆ ಹಸಿದು ಇಳಿದು, ಸಿಕ್ಕ ಕಡೆ ಗೋಬಿ ಮಂಚೂರಿ, ಫ್ರೈಡ್ ರೈಸ್ ತಿಂದು ಹೊರಡುವುದನ್ನು ನೋಡಿದರೆ ಬೇಸರವಾಗುತ್ತದೆ. ಈ ಸೀಮೆಯ ಒಳ್ಳೆಯ ಅಡುಗೆ ಇರುವುದು ಮನೆಗಳಲ್ಲಿ. ಅದು ಬಂದ ಕೂಡಲೇ ಸಿಗುವುದಿಲ್ಲ. ಕಡುಬಿಗೆ ಅಕ್ಕಿ ತರಿ ಆಗಬೇಕು, ನಾಟಿ ಕೋಳಿ ನಿಧಾನಕ್ಕೆ ಬೇಯಬೇಕು, ಕಳಲೆ ನೀರಿನಲ್ಲಿ ನೆನೆಯಬೇಕು. ಹಾಗಾಗಿ ಇಲ್ಲಿ ಉಣ್ಣುವ ತಯಾರಿ ಹಿಂದಿನ ದಿನದಿಂದಲೇ ಶುರುವಾಗುತ್ತದೆ.

ಮೊದಲು ಫೋನ್ ಮಾಡಿ

ಹೋಂಸ್ಟೇ ಗೊತ್ತುಮಾಡುವಾಗಲೇ ಊಟದ ಮಾತೂ ಮುಗಿಸಿ. ಮನೆಯಲ್ಲಿ ಮಾಂಸದಡುಗೆ ಮಾಡುತ್ತಾರೆಯೇ ಎಂಬುದನ್ನು ಮೊದಲು ಕೇಳಿ. ಇಲ್ಲಿನ ತೋಟದ ಮನೆಗಳಲ್ಲಿ ಸಸ್ಯಾಹಾರಿಗಳೂ ಬಹಳ. ಅಂಥ ಮನೆಗೆ ಹೋಗಿ ಕೋಳಿ ಸಾರು ಕೇಳಿದರೆ ಇಬ್ಬರಿಗೂ ಮುಜುಗರ. ಎಷ್ಟು ಜನ, ಎಷ್ಟು ಗಂಟೆಗೆ ಎಂದು ಖಚಿತವಾಗಿ ಹೇಳಿ. ಅಕ್ಕಿ ರೊಟ್ಟಿ ಕೆಂಡದ ಮೇಲೆ ಉಬ್ಬಿದಾಗಲೇ ತಿನ್ನಬೇಕು, ತಣಿದರೆ ತೊಗಲಿನಂತಾಗುತ್ತದೆ. ತಂಗದೆ ಬರೀ ಮಧ್ಯಾಹ್ನದ ಊಟಕ್ಕೆ ಬರಬಹುದೇ ಎಂದೂ ವಿಚಾರಿಸಬಹುದು. ಕೆಲವರು ಒಪ್ಪುತ್ತಾರೆ, ಕೊಯ್ಲಿನ ದಿನಗಳಲ್ಲಿ ಹಲವರಿಗೆ ಆಗುವುದಿಲ್ಲ. ಹೇಳಿದ ಮೇಲೆ ಮಾತ್ರ ತಪ್ಪಿಸಬೇಡಿ. ನಿಮಗಾಗಿ ಕಾಯಿ ತುರಿದು ಮಸಾಲೆ ಅರೆದಿರುತ್ತಾರೆ.

ಯಾವ ಕಾಲಕ್ಕೆ ಏನು ಕೇಳಬೇಕು

ಮಳೆಗಾಲವೇ ನಾಲಿಗೆಗೆ ಹಬ್ಬ. ರಸ್ತೆ ಕೆಟ್ಟಿರುತ್ತದೆ, ಇಂಬಳ ಹತ್ತುತ್ತದೆ, ಕರೆಂಟು ಇರುವುದಿಲ್ಲ. ಆದರೂ ಊಟಕ್ಕೆಂದೇ ಬರುವವರಿಗೆ ನನ್ನ ಸಲಹೆ ಜೂನ್‌ನಿಂದ ಸೆಪ್ಟೆಂಬರ್. ಬಿದಿರಿನ ಎಳೆ ಮೊಳಕೆಯಾದ ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಹಾಕುತ್ತಾರೆ. ಹಸಿ ಕಳಲೆಯಲ್ಲಿ ವಿಷದ ಅಂಶವಿದೆ. ನೆನೆದು, ಬೆಂದ ಮೇಲೆಯೇ ಅದು ತಿನ್ನಲು ಯೋಗ್ಯ. ಕೆಸುವಿನ ಎಲೆಗೆ ಅಕ್ಕಿ ಮಸಾಲೆಯ ಹಿಟ್ಟು ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸಿದ ಪತ್ರೊಡೆಯನ್ನೂ ಕೇಳಿ. ಹುಣಸೆ ಹುಳಿ ಸರಿಯಾಗಿ ಬಿದ್ದರೆ ಗಂಟಲು ತುರಿಸುವುದಿಲ್ಲ. ಗುಡುಗು ಮಳೆಯಾದ ಮೇಲೆ ಏಳುವ ಅಣಬೆಯ ಸಾರು ಸಿಕ್ಕರೆ ಪುಣ್ಯ. ಆದರೆ ನೀವೇ ಕಿತ್ತು ತರಬೇಡಿ. ವಿಷದ ಅಣಬೆ ಯಾವುದೆಂದು ತಿಳಿಯಲು ಊರವರ ಕಣ್ಣೇ ಬೇಕು. ಮಳೆ ಶುರುವಾಗುವ ಹೊತ್ತಿಗೆ ಹಲಸಿನ ಹಣ್ಣಿನ ಕಡುಬೂ ಇರುತ್ತದೆ, ಅದಕ್ಕೆ ತುಪ್ಪ ಕೇಳಲು ಸಂಕೋಚ ಬೇಡ.

ಉಳಿದ ಕಾಲದಲ್ಲಿ ಅಕ್ಕಿ ತರಿಯ ಕಡುಬು, ಒತ್ತು ಶ್ಯಾವಿಗೆ. ಶ್ಯಾವಿಗೆಯನ್ನು ಒಂದು ಸುತ್ತು ಕೋಳಿ ಸಾರಿಗೆ, ಇನ್ನೊಂದು ಸುತ್ತು ಬೆಲ್ಲದ ಕಾಯಿಹಾಲಿಗೆ ಹಾಕಿಕೊಳ್ಳಿ. ಸಸ್ಯಾಹಾರಿಗಳಿಗೆ ಎಣ್ಣೆಗಾಯಿ, ಚಳಿಗಾಲವಾದರೆ ಹಿತಕಿದ ಅವರೆಕಾಳಿನ ಸಾರು. ಹಾಸನದಿಂದ ಆಲೂರಿನವರೆಗೆ ತಟ್ಟೆಯಲ್ಲಿ ರಾಗಿ ಮುದ್ದೆ, ಹುರುಳಿಕಾಳಿನ ಸಾರು ಸಾಮಾನ್ಯ. ಮೇಲೇರಿದಂತೆ ಅಕ್ಕಿಯ ಬಗೆಗಳು ಹೆಚ್ಚುತ್ತವೆ. ಬರುವಾಗ ಆಲೂರು ಕಡೆ ಮುದ್ದೆ ಉಂಡು, ಬೆಟ್ಟದಲ್ಲಿ ಕಡುಬು ತಿಂದರೆ ಈ ಬದಲಾವಣೆ ತಾನಾಗಿ ತಿಳಿಯುತ್ತದೆ.

ಕೋಟೆ ನೋಡುವ ದಿನ

ಮಂಜರಾಬಾದ್ ಕೋಟೆ ಹಾನುಬಾಳಿನ ದಾರಿಯಲ್ಲಿಲ್ಲ. ಸಕಲೇಶಪುರದಿಂದ ಮಂಗಳೂರು ಹೆದ್ದಾರಿಯಲ್ಲಿ ಕೆಲವೇ ಕಿಲೋಮೀಟರ್. ಹಾಗಾಗಿ ಅದಕ್ಕೆ ಬೇರೆ ಹೊತ್ತು ಇಟ್ಟುಕೊಳ್ಳಿ. ಟಿಪ್ಪು ಸುಲ್ತಾನ್ 1792ರಲ್ಲಿ ಪೂರ್ಣಗೊಳಿಸಿದ ಈ ಕೋಟೆಗೆ ಎಂಟು ಮೂಲೆ, ನಕ್ಷತ್ರದ ಆಕಾರ; ಫ್ರಾನ್ಸಿನ ವೊಬಾನ್ ಎಂಬ ಕೋಟೆಗಾರನ ಪದ್ಧತಿ ಇದು. ಯುರೋಪಿನಲ್ಲಿ ಇಂಥ ನಕ್ಷತ್ರದ ಕೋಟೆಯೊಳಗೆ ಇಡೀ ಊರೇ ಇರುವುದುಂಟು. ಫ್ರಾನ್ಸಿನ ನಫ್-ಬ್ರಿಸಾಕ್, ಇಟಲಿಯ ಪಾಲ್ಮನೋವಾಗಳಿಗೆ ಹೋದವರು ಗೋಡೆಯೊಳಗಿನ ಚೌಕದಲ್ಲೇ ಕೂತು ಊಟ ಮಾಡುತ್ತಾರೆ. ಮಂಜರಾಬಾದ್ ಸೈನ್ಯಕ್ಕಾಗಿ ಕಟ್ಟಿದ್ದು, ಒಳಗೆ ಊರು ಬೆಳೆಯಲಿಲ್ಲ. ನಡುವೆ ಮೆಟ್ಟಿಲಿಳಿದ ಕೊಳವಿದೆ, ತಿನ್ನಲು ಏನೂ ಇಲ್ಲ. ಇನ್ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕಾದ್ದರಿಂದ ಸಕಲೇಶಪುರದಲ್ಲೇ ಇಡ್ಲಿ ತಿಂದು, ನೀರಿನ ಬಾಟಲಿ ಹಿಡಿದು ಹೋಗಿ. ಕೋಟೆಯೊಳಗೆ ಪೊಟ್ಟಣ ಬಿಚ್ಚಿ ಕೂರದಿರಿ. ಗೋಡೆಯ ಸಂದಿಗಳಲ್ಲಿ ಸಿಕ್ಕ ಚಿಪ್ಸಿನ ಕವರು ಕಂಡರೆ ನೋವಾಗುತ್ತದೆ.

ಹಾನುಬಾಳಿನ ಕಡೆ ಬೆಟ್ಟದ ಭೈರವೇಶ್ವರ, ಪಾಂಡವರ ಗುಡ್ಡದ ಹಾದಿ ಹಿಡಿಯುವವರಿಗೂ ಇದೇ ಮಾತು. ಮೇಲೆ ಹೋಟೆಲನ್ನು ನೆಚ್ಚಬೇಡಿ. ಉಳಿದ ಮನೆಯಲ್ಲೇ ಬಾಳೆಲೆಗೆ ಚಿತ್ರಾನ್ನ ಕಟ್ಟಿಸಿಕೊಳ್ಳಿ. ಬೆಟ್ಟದ ಮೇಲೆ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ, ಫೋನಿನಲ್ಲಿ ದುಡ್ಡು ಕಳಿಸುವುದನ್ನೇ ನಂಬದೆ ಜೇಬಿನಲ್ಲಿ ನೋಟು ಇಟ್ಟುಕೊಳ್ಳಿ.

ರಾತ್ರಿ ಊಟ ಉಳಿದ ಮನೆಯಲ್ಲೇ

ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ. ಸಕಲೇಶಪುರ, ಆಲೂರು ಸೀಮೆಯ ತೋಟಗಳಲ್ಲಿ ಕಾಡಾನೆಗಳ ಓಡಾಟವಿದೆ. ತೋಟದ ಕೆಲಸಗಾರರು ಪ್ರಾಣ ಕಳೆದುಕೊಂಡಿದ್ದಾರೆ. ಕತ್ತಲಾದ ಮೇಲೆ ಬಿರಿಯಾನಿ ಹುಡುಕುತ್ತಾ ಬೈಕು ಹತ್ತಿ ಪೇಟೆಗೆ ಹೋಗುವ ಸಾಹಸ ಬೇಡ. ಯಾವ ತೋಟದಲ್ಲಿ ಆನೆ ಇದೆ ಎಂಬ ಸುದ್ದಿ ಊರವರಿಗೆ ಮೊದಲು ತಿಳಿದಿರುತ್ತದೆ. ಅವರು ಬೇಡ ಎಂದರೆ ಅಂಗಳವನ್ನೂ ದಾಟಬೇಡಿ.

ಕೊನೆಗೆ ಕಾಫಿ

ಮನೆಯಲ್ಲಿ ಹಾಲಿನ ಕಾಫಿ ಕೊಟ್ಟಾರು. ಒಮ್ಮೆ ಬೆಲ್ಲದ ಕಾಫಿಯನ್ನೂ ಕೇಳಿ ಕುಡಿಯಿರಿ. ಊರಿಗೆ ಪುಡಿ ಒಯ್ಯುವವರು ಪ್ಯಾಕೆಟ್ ತಿರುಗಿಸಿ ನೋಡಿ. ಚಿಕೋರಿ ಬೆರೆಸಿದ್ದರೆ ಪ್ರಮಾಣ ಅಚ್ಚಾಗಿರಲೇಬೇಕು, ಕಾಫಿ ನೂರಕ್ಕೆ 51 ಭಾಗಕ್ಕಿಂತ ಕಡಿಮೆ ಇರುವಂತಿಲ್ಲ. ಎದುರಿಗೇ ಬೀಜ ಪುಡಿಮಾಡಿ ಕೊಡುವ ಅಂಗಡಿ ಸಿಕ್ಕರೆ ಕಾಲು ಕಿಲೋ ಸಾಕು. ಗಾಳಿಯಾಡದ ಡಬ್ಬಿಗೆ ಹಾಕಿ, ಘಮ ಹೋಗುವ ಮೊದಲು ಹದಿನೈದು ದಿನದೊಳಗೆ ಮುಗಿಸಿ.