ಕಷ್ಟಕಾಲದ ಚಿತ್ರವನ್ನು ನೋಡುವ ಬಗೆ

2018ರ ಆಗಸ್ಟಿನ ಮಹಾನೆರೆಯನ್ನು ಕೊಚ್ಚಿಯಲ್ಲಿದ್ದ ನಾವು ಮರೆಯುವಂತಿಲ್ಲ. ನೆಡುಂಬಾಶ್ಶೇರಿ ವಿಮಾನ ನಿಲ್ದಾಣ ಎರಡು ವಾರ ಮುಚ್ಚಿತ್ತು. ತಿರುವನಂತಪುರ, ಕೊಲ್ಲಂ ಕಡೆಯ ಬೆಸ್ತರು ದೋಣಿಗಳನ್ನು ಲಾರಿಗೇರಿಸಿಕೊಂಡು ನೀರು ನುಗ್ಗಿದ ಊರುಗಳಿಗೆ ಧಾವಿಸಿದರು. ಆಮೇಲೆ ನಮ್ಮ ಸದಸ್ಯರೊಬ್ಬರು ಪರಿಹಾರ ಶಿಬಿರದಲ್ಲಿ ತೆಗೆದ ಚಿತ್ರವೊಂದನ್ನು ವಾಚನಾಲಯದ ಗೋಡೆಗೆ ಹಾಕಿದೆವು. ಮುದುಕಿಯೊಬ್ಬಳು ತೋರ್ತಿನಿಂದ ಮುಖ ಮುಚ್ಚಿಕೊಂಡಿದ್ದಾಳೆ. "ಎಂಥ ದುಃಖ!" ಎಂದು ಎಲ್ಲರೂ ಮರುಗಿದೆವು. ಆಕೆ ಮುಖ ಮುಚ್ಚಿಕೊಂಡದ್ದು ಕ್ಯಾಮೆರಾ ಕಂಡು ನಾಚಿ ಎಂಬುದು, ತೆಗೆದವರೇ ಒಂದು ಸಂಜೆ ಸಂಕೋಚದಿಂದ ಹೇಳಿದಾಗ ತಿಳಿಯಿತು.

ಈ ತಪ್ಪು ಹಳೆಯದು. 1876–78ರ ಬರಗಾಲದಲ್ಲಿ (ಮೈಸೂರಿನ ಹಿರಿಯರು ಧಾತು-ಈಶ್ವರ ಬರ ಎನ್ನುತ್ತಿದ್ದುದು ಇದನ್ನೇ) ಮದರಾಸಿನ ಸೈನ್ಯಾಧಿಕಾರಿ ಹೂಪರ್ ಎಂಬವನು ಹಸಿದವರನ್ನು ಗುಂಪಾಗಿ ಕೂರಿಸಿ ಚಿತ್ರ ತೆಗೆದ. ಎಲುಬುಗಳನ್ನು ಎಣಿಸಬಹುದು, ಆದರೆ ಅವರು ಯಾರು, ಯಾರ ಮಕ್ಕಳು ಎಂಬುದು ತಿಳಿಯದು. ಬರದ ಭೀಕರತೆಗೆ ಆ ಚಿತ್ರಗಳು ಸಾಕ್ಷಿ, ನಿಜ. ಆದರೂ ಕುಳಿತವರಿಗೆ "ಬೇಡ" ಎನ್ನುವ ಶಕ್ತಿ ಇತ್ತೇ?

ಇದರ ಪಕ್ಕದಲ್ಲಿ ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಇಟ್ಟು ನೋಡಿರಿ. 'ಡೆಕ್ಕನ್ ಹೆರಾಲ್ಡ್'ನಲ್ಲಿ ದುಡಿದು, ಬಳಿಕ ಸ್ವತಂತ್ರ ಛಾಯಾಗ್ರಾಹಕರಾಗಿ ದೇಶ ಸುತ್ತಿದವರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕೆಲಸವನ್ನೂ ಚಿತ್ರಿಸಿದರು. 1979ರ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು. ಬಡತನವನ್ನು ಅವರು ಮರೆಮಾಚಲಿಲ್ಲ. ಆದರೆ ಹರಕು ಅಂಗಿಯ ಮಗುವಿಗೂ ಆಟವಿದೆ, ತುಂಟತನವಿದೆ. ಅಂಗಿಗಿಂತ ಮೊದಲು ನಮಗೆ ಕಾಣುವುದು ಅದು.

ಸಿಡುಬಿನ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಆ ಕಾರ್ಯಕರ್ತರು ಸಿಡುಬೆದ್ದ ಮಗುವಿನ ಚಿತ್ರವಿದ್ದ ಕಾರ್ಡನ್ನು ಮನೆಮನೆಗೂ ಒಯ್ದು, "ಇಂಥವರು ಯಾರಾದರೂ ಇದ್ದಾರೆಯೇ?" ಎಂದು ಕೇಳುತ್ತಿದ್ದರು. ಓದು ಬಾರದವರೂ ಉತ್ತರ ಹೇಳಬಲ್ಲವರಾಗಿದ್ದರು. ಭಾರತದಲ್ಲಿ ಕೊನೆಯ ಸಿಡುಬು ಕಂಡದ್ದು 1975ರಲ್ಲಿ. ನೋವಿನ ಚಿತ್ರವೇ ಆದರೂ ಅದು ಇತರ ಮಕ್ಕಳನ್ನು ಉಳಿಸುವ ಕೆಲಸಕ್ಕೆ ಬಂದಿತು.

ಈಗ ನಮ್ಮೆಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಊರಿಗೆ ಸುದ್ದಿ ಕಳಿಸುವ ಆತುರವೂ ಇದೆ. ಚಿತ್ರ ನೋಡುವಾಗ ತೆಗೆದವನು ಎಲ್ಲಿ ನಿಂತಿದ್ದ, ಮೇಲಿನಿಂದ ಬಗ್ಗಿ ನೋಡಿದನೇ, ಎದುರು ಕುಳಿತು ಮಾತಾಡಿಸಿದನೇ ಎಂದು ಗಮನಿಸಿರಿ. ಅದು ಚಿತ್ರದಲ್ಲಿ ಕಂಡೇ ಕಾಣುತ್ತದೆ.

ಮುದುಕಿಯ ಚಿತ್ರವನ್ನು ಗೋಡೆಯಿಂದ ತೆಗೆದಿದ್ದೇವೆ. ಮುಂದೆ ಚಿತ್ರ ತರುವ ಸದಸ್ಯರು ಊರು, ತಾರೀಕು, ಕೇಳಿ ತೆಗೆದದ್ದೋ ಅಲ್ಲವೋ ಎಂಬುದನ್ನು ಹಿಂಬದಿಯಲ್ಲಿ ಬರೆದು ಕೊಡಬೇಕಾಗಿ ವಿನಂತಿ.