ನಿದ್ದೆ ಮಾತ್ರೆ ಬದಲಿಸುವ ಮುನ್ನ

ಆಲ್ಪ್ರಜೋಲಂ ನುಂಗಿದರೂ ಮೊದಲಿನಂತೆ ನಿದ್ದೆ ಬರುತ್ತಿಲ್ಲ ಎಂದು, ಮನೆಯಲ್ಲಿ ಇನ್ಯಾರಿಗೋ ಬರೆದುಕೊಟ್ಟ ಕ್ಲೋನಜೆಪಂ ತೆಗೆದುಕೊಳ್ಳುವವರಿದ್ದಾರೆ. ಹೆಸರು ಬೇರೆಯಾದರೂ ಎರಡೂ ಕೆಲಸ ಮಾಡುವುದು ಮಿದುಳಿನ ‘ಗಾಬಾ’ ಗ್ರಾಹಕಗಳ (ರಿಸೆಪ್ಟರ್) ಮೇಲೆಯೇ. ದಿನವೂ ಮಾತ್ರೆ ಬೀಳುತ್ತಿದ್ದರೆ ಆ ಗ್ರಾಹಕಗಳು ಮಂದವಾಗುತ್ತವೆ. ಹಾಗಾಗಿ ಒಂದಕ್ಕೆ ಒಗ್ಗಿದ ಮೈ, ಎಂದೂ ಮುಟ್ಟದ ಇನ್ನೊಂದಕ್ಕೂ ತಕ್ಕಮಟ್ಟಿಗೆ ಒಗ್ಗಿರುತ್ತದೆ. ಮದ್ಯದ ದಾರಿಯೂ ಇದೇ. ಕುಡಿತ ಬಿಡಿಸುವಾಗ ಕೈನಡುಕ, ಫಿಟ್ಸ್ ಬಾರದಿರಲೆಂದು ವೈದ್ಯರು ಕ್ಲೋರ್‌ಡಯಜೆಪಾಕ್ಸೈಡ್ ಕೊಡುವುದು ಈ ಕಾರಣಕ್ಕೇ.

ಮೊದಲು ಸ್ಟ್ರಿಪ್ ತಿರುಗಿಸಿ, ಬ್ರ್ಯಾಂಡ್ ಬಿಟ್ಟು ಔಷಧಿಯ ಮೂಲ ಹೆಸರು ಓದಿ. ಅದು ‘ಜೆಪಂ’ ಅಥವಾ ‘ಜೋಲಂ’ ಎಂದು ಮುಗಿದರೆ ಸಾಮಾನ್ಯವಾಗಿ ಒಂದೇ ಗುಂಪು. (ಗ್ಯಾಸಿನ ಪ್ಯಾಂಟೊಪ್ರಜೋಲ್ ಬೇರೆ, ಗಲಿಬಿಲಿ ಬೇಡ.) ಜೋಲ್ಪಿಡೆಮ್ ಹೆಸರು ಹೊಂದದಿದ್ದರೂ ಹಿಡಿಯುವುದು ಅದೇ ಗ್ರಾಹಕವನ್ನು.

ಆಮೇಲೆ ಯಾವ ಮಾತ್ರೆ, ಎಷ್ಟು ಎಂ.ಜಿ., ಎಷ್ಟು ತಿಂಗಳಿಂದ ಎಂದು ಚೀಟಿಯಲ್ಲಿ ಬರೆದುಕೊಂಡು ವೈದ್ಯರಿಗೆ ತೋರಿಸಿ. ಕುಡಿಯುವ ಅಭ್ಯಾಸವಿದ್ದರೆ ಅದನ್ನೂ ಬರೆಯಿರಿ. ಹೆಂಡತಿ ಪಕ್ಕದಲ್ಲಿದ್ದಾಳೆಂದು ‘ಅಪರೂಪಕ್ಕೆ ಸರ್’ ಎನ್ನುವುದು ಇಲ್ಲಿ ನಡೆಯದು. ಶಸ್ತ್ರಚಿಕಿತ್ಸೆ ಇದ್ದರೆ ಅರಿವಳಿಕೆ ತಜ್ಞರಿಗೂ ಈ ಚೀಟಿ ಬೇಕು, ಅವರ ಡೋಸ್ ಲೆಕ್ಕ ಇದರಿಂದ ಬದಲಾಗಬಹುದು.

ಎಂ.ಜಿ. ನೋಡಿ ನೀವೇ ಅದಲುಬದಲು ಮಾಡಬೇಡಿ. ಹೆಚ್ಚು ಬಳಕೆಯಲ್ಲಿರುವ ಒಂದು ಕೋಷ್ಟಕದ ಪ್ರಕಾರ ಆಲ್ಪ್ರಜೋಲಂ 0.5 ಎಂ.ಜಿ. ಸುಮಾರು 10 ಎಂ.ಜಿ. ಡಯಜೆಪಂಗೆ ಸಮ, ಬೇರೆ ಕೋಷ್ಟಕಗಳಲ್ಲಿ ಲೆಕ್ಕ ಬೇರೆ. ಅದೂ ಅಲ್ಲದೆ ಮೈ ಎಲ್ಲದಕ್ಕೂ ಒಂದೇ ಸಮ ಒಗ್ಗುವುದಿಲ್ಲ. ನಿದ್ದೆ ತರಿಸುವ ಗುಣ ಕೆಲವೇ ವಾರಗಳಲ್ಲಿ ಕುಗ್ಗಬಹುದು. ಮದ್ಯ ಅಥವಾ ನೋವಿನ ಟ್ರಮಡಾಲ್ ಜೊತೆ ಸೇರಿದಾಗ ಉಸಿರು ಕುಗ್ಗುವ ಅಪಾಯ ಮಾತ್ರ ಉಳಿದೇ ಇರುತ್ತದೆ. ‘ನನಗೆ ಅಭ್ಯಾಸವಾಗಿದೆ, ಏನೂ ಆಗಲ್ಲ’ ಎಂಬ ಧೈರ್ಯ ಜೀವಕ್ಕೇ ಕುತ್ತು.

ಹೆದರಿ ಒಮ್ಮೆಲೇ ನಿಲ್ಲಿಸುವುದೂ ತಪ್ಪು, ಫಿಟ್ಸ್ ಬರಬಹುದು. ವೈದ್ಯರು ಸಾಮಾನ್ಯವಾಗಿ 2ರಿಂದ 4 ವಾರಕ್ಕೊಮ್ಮೆ ಶೇ 5–10ರಷ್ಟು ಇಳಿಸುತ್ತ ಬರುತ್ತಾರೆ. ನಡುವೆ ನಿದ್ದೆ ಕೆಟ್ಟರೆ ಇಳಿಕೆಯನ್ನು ಅಲ್ಲಿಗೇ ತಡೆಯುತ್ತಾರೆ. ತಿಂಗಳುಗಟ್ಟಲೆ ಹಿಡಿಯಬಹುದು, ಅವಸರ ಬೇಡ.

ಆಲ್ಪ್ರಜೋಲಂ ಸೇರಿ ಈ ಮಾತ್ರೆಗಳಲ್ಲಿ ಹಲವು ಷೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಈ ಪಟ್ಟಿಯ ಮಾತ್ರೆ ಮಾರಿದ್ದನ್ನು ಅಂಗಡಿಯವರು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಬಿಡಲಾಗುತ್ತಿಲ್ಲ ಅನ್ನಿಸಿದರೆ ಮೆಡಿಕಲ್ ಶಾಪಿಗೆ ಹೋಗುವ ಬದಲು ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.