ಜೀಪಿನ ಗುಂಯ್‌ಗುಟ್ಟುವ ಸದ್ದು: ಮೂಲ ಹುಡುಕುವ ಬಗೆ



ಕೊಳೆರೋಗ, ಕಾಯಿಕೊರಕ, ನೆರಳು ಕಪಾತು, ಗೊಬ್ಬರದ ಲೆಕ್ಕ – ಇವುಗಳನ್ನು ಕುರಿತೇ ಈ ಪುಟದಲ್ಲಿ ಸಾಮಾನ್ಯವಾಗಿ ಬರೆಯುತ್ತಿದ್ದೇವೆ. ಈ ಸಲ ತೋಟದ ಗಿಡವನ್ನು ಬಿಟ್ಟು ತೋಟದ ಗಾಡಿಯ ಕಡೆಗೆ ತಿರುಗಿದ್ದೇವೆ. ನಮ್ಮ ಭಾಗದಲ್ಲಿ ಜೀಪು ಎಂದರೆ ಬರಿಯ ವಾಹನವಲ್ಲ. ಗೊಬ್ಬರ ತರುವುದು ಅದರಲ್ಲೇ, ಅಡಿಕೆ ಮೂಟೆ ಮಂಡಿಗೆ ಹೋಗುವುದು ಅದರಲ್ಲೇ, ರಾತ್ರಿ ಹೊತ್ತಿನಲ್ಲಿ ಬಸುರಿ ಹೆಂಗಸನ್ನು ಆಸ್ಪತ್ರೆಗೆ ಸೇರಿಸುವುದೂ ಅದರಲ್ಲೇ. ಅಂಥ ಗಾಡಿ ಗುಂಯ್ ಎಂದು ಕೊರಗತೊಡಗಿದರೆ ಅದನ್ನು ಅಲಕ್ಷಿಸಬಾರದೆಂಬುದನ್ನು ನಾವು ಸ್ವಂತ ತಪ್ಪಿನಿಂದ ಕಲಿತೆವು. ಆ ತಪ್ಪನ್ನು ಮೊದಲು ಒಪ್ಪಿಕೊಂಡು ಆಮೇಲೆ ಪಾಠಕ್ಕೆ ಬರುತ್ತೇವೆ.

ಕಳೆದ ಮಳೆಗಾಲದಲ್ಲಿ ಸಂಘದ ಹಳೆಯ ಜೀಪು ದಿನಕ್ಕೆ ನಾಲ್ಕು ಸಲ ಹಳ್ಳ ದಾಟಿತು. ಗೌರಿಹಬ್ಬದ ಹೊತ್ತಿಗೆ ಚಾಲಕರು, "ಸಾರ್, ಹಿಂದುಗಡೆಯಿಂದ ಒಂದು ಸದ್ದು ಬರ್ತಾ ಉಂಟು, ಒಮ್ಮೆ ತೋರಿಸೋದು ಒಳ್ಳೇದು" ಎಂದರು. "ಹಳೆಯ ಗಾಡಿ, ಸದ್ದು ಮಾಡದೆ ಇರುತ್ತದೆಯೇ?" ಎಂದು ನಾವು ನಕ್ಕೆವು. ಎರಡನೆಯ ಸಲ ಹೇಳಿದಾಗ ಪಟ್ಟಣದ ಒಂದು ಗ್ಯಾರೇಜಿಗೆ ಕಳಿಸಿದೆವು. ಅಲ್ಲಿ ಗಾಡಿ ಓಡಿಸಿಯೂ ನೋಡದೆ, ಟೈರಿನ ಸದ್ದು ಎಂದರು. ನಾಲ್ಕು ಹೊಸ ಟೈರು ಹಾಕಿಸಿದೆವು. ಹಣ ಹೋಯಿತು, ಸದ್ದು ಉಳಿಯಿತು. ಮೂರನೆಯ ಸಲ ಚಾಲಕರು ಹೇಳಿದಾಗ ನಾವು ಉತ್ತರವನ್ನೇ ಕೊಡಲಿಲ್ಲ. ಕಾರ್ತಿಕದಲ್ಲಿ ಅಡಿಕೆ ಹೇರಿಕೊಂಡು ಘಟ್ಟ ಇಳಿಯುತ್ತಿದ್ದಾಗ ಹಿಂದಿನ ಚಕ್ರಗಳೆರಡೂ ಒಮ್ಮೆಲೆ ಬಿಗಿದು ನಿಂತವು. ಒಂದು ಕಡೆ ಧರೆ, ಇನ್ನೊಂದು ಕಡೆ ಕಣಿವೆ. ಚಾಲಕರ ಜಾಣ್ಮೆಯಿಂದ ಗಾಡಿ ಜಾರುತ್ತ ಬಂದು ಧರೆಗೆ ಒರಗಿತು. ನಾವೂ ಹಿಂದೆ ಕುಳಿತಿದ್ದ ಇಬ್ಬರು ಆಳುಗಳೂ ಬದುಕಿದೆವು. ಬಿಚ್ಚಿ ನೋಡಿದರೆ ಹಿಂದಿನ ಡಿಫರೆನ್ಷಿಯಲ್‌ನಲ್ಲಿ ಎಣ್ಣೆಯ ಬದಲು ಹಾಲಿನಂಥ ನೀರು. ಪಿನಿಯನ್ನಿನ ಬೇರಿಂಗ್ ತುಕ್ಕು ಹಿಡಿದು ಪುಡಿಯಾಗಿತ್ತು. ಎರಡು ಲೀಟರ್ ಎಣ್ಣೆಯಲ್ಲಿ ಮುಗಿಯಬೇಕಾಗಿದ್ದ ಕೆಲಸ ನಾಲ್ಕು ಮೂಟೆ ಚೆರಿ ಕಾಫಿಯ ಹಣವನ್ನು ನುಂಗಿತು.

ಆಮೇಲೆ ಒಬ್ಬ ಹಿರಿಯ ಮೆಕ್ಯಾನಿಕರ ಬಳಿ ಕುಳಿತು, ಸದ್ದಿನ ಮೂಲ ಹುಡುಕುವುದು ಹೇಗೆಂದು ಕೇಳಿ ತಿಳಿದುಕೊಂಡೆವು. ಅದರ ಸಾರವನ್ನು ಇಲ್ಲಿ ಕೊಡುತ್ತಿದ್ದೇವೆ.

ಶಕ್ತಿ ಸಾಗುವ ದಾರಿ

ಎಂಜಿನ್ನಿನ ಶಕ್ತಿ ಕ್ಲಚ್ಚು, ಗೇರ್ ಬಾಕ್ಸು, ಟ್ರಾನ್ಸ್‌ಫರ್ ಕೇಸು, ಪ್ರೊಪೆಲ್ಲರ್ ಶಾಫ್ಟು, ಡಿಫರೆನ್ಷಿಯಲ್, ಆಕ್ಸೆಲ್ ಇವುಗಳ ಮೂಲಕ ಚಕ್ರಕ್ಕೆ ಮುಟ್ಟುತ್ತದೆ. ಗುಡ್ಡದ ಕೆರೆಯಿಂದ ತೋಟಕ್ಕೆ ಬರುವ ನೀರಿನ ಕಾಲುವೆಯಂತೆ ಇದನ್ನು ಭಾವಿಸಬಹುದು. ಕಾಲುವೆ ಎಲ್ಲಿ ಸೋರುತ್ತಿದೆಯೆಂದು ತಿಳಿಯಲು ಮೇಲಿನಿಂದ ಒಂದೊಂದೇ ಭಾಗವನ್ನು ನೋಡುತ್ತ ಬರುವಂತೆ ಇಲ್ಲಿಯೂ ಒಂದೊಂದನ್ನೇ ಬಿಡಿಸಿ ನೋಡಬೇಕು.

ಸದ್ದಿನ ಜಾತಿಯನ್ನೂ ಗುರುತಿಸಬೇಕು. ಶ್ರುತಿಪೆಟ್ಟಿಗೆಯಂತೆ ಎಳೆದ ಒಂದೇ ಸ್ವರ, ವೇಗ ಏರಿದಂತೆ ಏರುವಂಥದು, ಹೆಚ್ಚಾಗಿ ಹಲ್ಲುಚಕ್ರದ್ದು. ಬೀಸುವ ಕಲ್ಲಿನಂತೆ ಒರಟಾದ ಗೊರಗೊರ ಸದ್ದು ಬೇರಿಂಗ್‌ನದು. ಗಾಡಿ ಹೊರಡುವಾಗ 'ಟಕ್' ಎನ್ನುವುದು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದುದರ ಗುರುತು.

ಇದಕ್ಕೊಂದು ಲೆಕ್ಕವೂ ಇದೆ. ಹಳೆಯ ಜೀಪಿನ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಸಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 11 ಮೀಟರ್; ಅಂದರೆ ಚಕ್ರ ಸೆಕೆಂಡಿಗೆ 5 ಸುತ್ತು ಸುತ್ತುತ್ತದೆ. ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8 ಹಲ್ಲು ಇರುವ ಜೋಡಿಯಾದರೆ ಪ್ರೊಪೆಲ್ಲರ್ ಶಾಫ್ಟು ಸೆಕೆಂಡಿಗೆ ಸುಮಾರು 27 ಸುತ್ತು ತಿರುಗುತ್ತದೆ. ಹಲ್ಲಿಗೆ ಹಲ್ಲು ತಾಗುವುದು ಸುಮಾರು 215 ಸಲ. ಆದುದರಿಂದಲೇ ಟೈರಿನ ಉಬ್ಬು ದಡದಡ ಎನ್ನುತ್ತದೆ, ಸಮತೋಲ ತಪ್ಪಿದ ಶಾಫ್ಟು ನಡುಗುತ್ತದೆ, ಕ್ರೌನ್-ಪಿನಿಯನ್ ಮಾತ್ರ ಹಾಡುತ್ತದೆ.

ಮೊದಲ ಪರೀಕ್ಷೆ: ನಿಂತಲ್ಲಿ

ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್ಲಿಗೆ ತಂದು, ಎಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ಒತ್ತಿರಿ. ಸದ್ದು ಇಲ್ಲಿಯೇ ಬಂದರೆ ಹಿಂದಿನ ಆಕ್ಸೆಲ್ಲನ್ನು ದೂರಬೇಕಾಗಿಲ್ಲ. ಈಗ ಕ್ಲಚ್ ತುಳಿಯಿರಿ. ತುಳಿದಾಗ ಸದ್ದು ನಿಂತರೆ ಗೇರ್ ಬಾಕ್ಸಿನ ಮುಂದಿನ ಬೇರಿಂಗ್ ಮೇಲೆ ಸಂಶಯ. ತುಳಿದಾಗಲೇ ಹುಟ್ಟಿದರೆ ಕ್ಲಚ್ ರಿಲೀಸ್ ಬೇರಿಂಗ್. ಎರಡರಲ್ಲೂ ಬದಲಾಗದಿದ್ದರೆ ಆಲ್ಟರ್ನೇಟರ್, ವಾಟರ್ ಪಂಪು, ಫ್ಯಾನ್ ಬೆಲ್ಟು ಇವುಗಳನ್ನು ನೋಡಬೇಕು. ಬಾನೆಟ್ ತೆರೆದು ಕಿವಿಗೊಡುವಾಗ ಪಂಚೆ, ಶಾಲು ಫ್ಯಾನಿನ ಹತ್ತಿರ ಸುಳಿಯದಂತೆ ಎಚ್ಚರವಿರಲಿ.

ಎರಡನೆಯ ಪರೀಕ್ಷೆ: ಗೇರು ಬದಲಿಸಿ

ಸಮತಟ್ಟಾದ, ಜನಸಂಚಾರವಿಲ್ಲದ ರಸ್ತೆಯಲ್ಲಿ ಸದ್ದು ಬರುವ ವೇಗದಲ್ಲಿ ಓಡಿಸಿ. ಅದೇ ವೇಗವನ್ನು ಕಾಯ್ದುಕೊಂಡು ಟಾಪ್ ಗೇರಿನಿಂದ ಮೂರನೆಯದಕ್ಕೆ ಇಳಿಸಿ. ಎಂಜಿನ್ನಿನ ಜೊತೆಗೆ ಸದ್ದಿನ ಸ್ವರವೂ ಏರಿದರೆ ಮೂಲ ಮುಂದಿನ ಭಾಗದಲ್ಲಿದೆ. ಎಂಜಿನ್ ಏರಿದರೂ ಸದ್ದು ಮೊದಲಿನ ಸ್ವರದಲ್ಲೇ ಉಳಿದರೆ, ಅದು ರಸ್ತೆಯ ವೇಗಕ್ಕೆ ಕಟ್ಟುಬಿದ್ದದ್ದು. ಮೂಲ ಗೇರ್ ಬಾಕ್ಸಿನ ಆಚೆಗೆ ಇದೆ. ಈ ಒಂದು ಪರೀಕ್ಷೆಯೇ ಅರ್ಧ ಕೆಲಸವನ್ನು ಮುಗಿಸುತ್ತದೆ.

ನಾಲ್ಕು ಗೇರಿನ ಹಳೆಯ ಜೀಪುಗಳಲ್ಲಿ ಟಾಪ್ ಗೇರು ನೇರ ಸಂಬಂಧದ್ದು. ಶಕ್ತಿ ಕೆಳಗಿನ ಲೇ ಶಾಫ್ಟನ್ನು ಹಾಯುವುದಿಲ್ಲ. ಕೆಳಗಿನ ಗೇರುಗಳಲ್ಲೆಲ್ಲ ಕೂಗಿ ಟಾಪಿನಲ್ಲಿ ಸುಮ್ಮನಾದರೆ ಲೇ ಶಾಫ್ಟಿನ ಕಡೆ ನೋಡಬೇಕು. ಇನ್ನೊಂದು ಮಾತು: ಹಳೆಯ ಕಾಲದ ಜೀಪುಗಳ ಟ್ರಾನ್ಸ್‌ಫರ್ ಕೇಸಿನಲ್ಲಿ ಎರಡು ಚಕ್ರದ ಓಟದಲ್ಲಿಯೂ ಶಕ್ತಿ ಹಲ್ಲುಗಳ ಮೂಲಕವೇ ಹಾಯುವುದರಿಂದ ಸ್ವಲ್ಪ ಸದ್ದು ಅವುಗಳ ಹುಟ್ಟುಗುಣ. ಹುಟ್ಟುಗುಣಕ್ಕೆ ಅಂಜಬೇಕಾಗಿಲ್ಲ, ನಿನ್ನೆ ಇಲ್ಲದ ಸದ್ದು ಇಂದು ಬಂದರೆ ಅಂಜಬೇಕು.

ಮೂರನೆಯ ಪರೀಕ್ಷೆ: ಕಾಲಿನ ಒತ್ತಡ

ಆಕ್ಸಿಲರೇಟರ್ ಒತ್ತಿದಾಗ ಕ್ರೌನ್-ಪಿನಿಯನ್ ಹಲ್ಲಿನ ಒಂದು ಮುಖ ಭಾರ ಹೊರುತ್ತದೆ. ಕಾಲೆತ್ತಿ ಗಾಡಿಯೇ ಎಂಜಿನ್ನನ್ನು ತಳ್ಳುವಾಗ ಇನ್ನೊಂದು ಮುಖ. ಒತ್ತಿದಾಗ ಮಾತ್ರ ಸದ್ದು ಬಂದರೆ ಹಲ್ಲು ಸವೆದಿರಬೇಕು ಅಥವಾ ಜೋಡಣೆ ತಪ್ಪಿರಬೇಕು. ಕಾಲೆತ್ತಿದಾಗ ಮಾತ್ರ ಬಂದರೆ ಪಿನಿಯನ್ ಸಡಿಲವಾಗಿದೆಯೆಂಬ ಸಂಶಯ ಮೊದಲು ಬರಬೇಕು. ಎರಡರಲ್ಲೂ ಒಂದೇ ಸಮನಾಗಿ ಗೊರಗುಟ್ಟಿದರೆ ಬೇರಿಂಗ್ ಕಡೆ ನೋಡಬೇಕು. ಈ ಪರೀಕ್ಷೆಗೆಂದು ಘಟ್ಟದ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಸಾಹಸವನ್ನು ಯಾರೂ ಮಾಡಬಾರದು.

ನಾಲ್ಕನೆಯ ಪರೀಕ್ಷೆ: ಟೈರೋ, ಚಕ್ರದ ಬೇರಿಂಗೋ?

ಕೆಸರಿಗೆಂದು ಹಾಕಿಸುವ ಬಟನ್ ಟೈರುಗಳು ಡಾಂಬರಿನ ಮೇಲೆ ಗುಂಯ್ ಎನ್ನುವುದು ಸಹಜ. ಮಣ್ಣಿನ ರಸ್ತೆಗೆ ಇಳಿದ ಕೂಡಲೇ ಆ ಸದ್ದು ಬದಲಾಗುತ್ತದೆ. ಡಿಫರೆನ್ಷಿಯಲ್‌ನ ಸದ್ದು ರಸ್ತೆಯನ್ನು ನೋಡಿ ಬದಲಾಗುವುದಿಲ್ಲ. ಟೈರಿಗೆ ಹಣ ಸುರಿಯುವ ಮೊದಲು ನಾವು ಈ ಐದು ನಿಮಿಷದ ಪರೀಕ್ಷೆ ಮಾಡಿದ್ದರೆ ಸಾಕಿತ್ತು.

ಚಕ್ರದ ಬೇರಿಂಗ್ ತಿಳಿಯಲು ಅಗಲ ರಸ್ತೆಯಲ್ಲಿ ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸಿ. ಎಡಕ್ಕೆ ತಿರುಗಿದಾಗ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಿದರೆ ಬಲಗಡೆಯ ಬೇರಿಂಗ್. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಚಕ್ರದ ನಡುವಿನ ಹಬ್ಬನ್ನು ಕೈ ಹಿಂಗೈಯಿಂದ ಎಚ್ಚರದಿಂದ ಮುಟ್ಟಿ ನೋಡಿ. ಜೊತೆಯ ಚಕ್ರಕ್ಕಿಂತ ಒಂದು ಬಹಳ ಬಿಸಿಯಾಗಿದ್ದರೆ ಬೇರಿಂಗ್ ಕೆಟ್ಟಿರಬೇಕು, ಇಲ್ಲವೇ ಬ್ರೇಕ್ ಹಿಡಿದುಕೊಂಡಿರಬೇಕು. ಆಮೇಲೆ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿ ಎತ್ತಿ, ಭದ್ರವಾದ ಆಸರೆಯಿಟ್ಟು, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದರೆ ಸಡಿಲು ಕೈಗೇ ತಿಳಿಯುತ್ತದೆ.

ಬಿಚ್ಚುವ ಮೊದಲು ಎಣ್ಣೆ

ಏನನ್ನೂ ಬಿಚ್ಚುವ ಮೊದಲು ಡಿಫರೆನ್ಷಿಯಲ್, ಗೇರ್ ಬಾಕ್ಸು, ಟ್ರಾನ್ಸ್‌ಫರ್ ಕೇಸು ಮೂರರ ಎಣ್ಣೆಯನ್ನೂ ನೋಡಬೇಕು. ಸಾಮಾನ್ಯವಾಗಿ ಎಣ್ಣೆಯ ಮಟ್ಟ ತುಂಬುವ ರಂಧ್ರದ ಕೆಳ ಅಂಚಿಗೆ ಬಂದಿರಬೇಕು. ಕಿರುಬೆರಳು ಹಾಕಿದರೆ ತಾಗಬೇಕು. ಎಣ್ಣೆ ಬೆಳ್ಳಗೆ ಹಾಲಿನಂತಿದ್ದರೆ ನೀರು ಸೇರಿದೆ. ಇಳಿಸಿದ ಎಣ್ಣೆಯಲ್ಲಿ ನುಣ್ಣನೆಯ ಲೋಹದ ಕೆಸರು ಸ್ವಲ್ಪ ಇರುವುದು ಸಹಜ. ಚಕ್ಕೆ, ಚೂರು ಸಿಕ್ಕಿದರೆ ಗಾಡಿಯನ್ನು ಮುಂದಕ್ಕೆ ಓಡಿಸಬಾರದು.

ನಮ್ಮ ಜೀಪಿಗೆ ನೀರು ಹೊಕ್ಕ ಬಗೆಯನ್ನು ಹೇಳಲೇಬೇಕು. ಆಕ್ಸೆಲ್ಲಿನ ಮೇಲೆ ಬ್ರೀದರ್ ಎಂಬ ಸಣ್ಣ ಉಸಿರುಕೊಳವೆ ಇದೆ. ಅದು ಕೆಸರಿನಿಂದ ಮುಚ್ಚಿಹೋಗಿತ್ತು. ಓಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಸೀಲಿನ ಸಂದಿಯಿಂದ ಹೊರಗೆ ತಳ್ಳಿತು. ಬಿಸಿಯಾಗಿದ್ದ ಆಕ್ಸೆಲ್ ಹಳ್ಳದ ತಣ್ಣೀರಿಗೆ ಇಳಿದಾಗ ಗಾಳಿ ಕುಗ್ಗಿ ಅದೇ ಸಂದಿಯಿಂದ ನೀರನ್ನು ಒಳಗೆ ಹೀರಿತು. ಒಂದು ಕಡ್ಡಿಯಿಂದ ಕೆದಕಿ ತೆಗೆಯಬಹುದಾಗಿದ್ದ ಕೆಸರು ನಾಲ್ವರ ಜೀವಕ್ಕೆ ಕುತ್ತು ತಂದಿತು.

ಎಣ್ಣೆಯ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಹೈಪಾಯ್ಡ್ ಮಾದರಿಯ ಕ್ರೌನ್-ಪಿನಿಯನ್‌ನಲ್ಲಿ ಹಲ್ಲುಗಳು ಒಂದರ ಮೇಲೊಂದು ಜಾರುತ್ತ ಭಾರ ಹೊರುವುದರಿಂದ ಸಾಮಾನ್ಯವಾಗಿ ಜಿಎಲ್-5 ದರ್ಜೆಯ ಎಣ್ಣೆ ಬೇಕಾಗುತ್ತದೆ. ಆದರೆ ಅದರಲ್ಲಿನ ಕೆಲವು ರಾಸಾಯನಿಕಗಳು ಗೇರ್ ಬಾಕ್ಸಿನ ಹಿತ್ತಾಳೆಯ ಭಾಗಗಳಿಗೆ ಒಗ್ಗದೆ ಇರಬಹುದು. ಅನೇಕ ಗೇರ್ ಬಾಕ್ಸುಗಳಿಗೆ ಜಿಎಲ್-4 ಹೇಳಿರುತ್ತಾರೆ. ಗಾಡಿಯ ಜೊತೆ ಬಂದ ಕೈಪಿಡಿಯ ಮಾತೇ ಕೊನೆಯ ಮಾತು.

ಕೆಲವು ಎಚ್ಚರಿಕೆಗಳು

1. ಕ್ರೌನ್ ಮತ್ತು ಪಿನಿಯನ್ ಒಟ್ಟಿಗೆ ಮಸೆದು ಹೊಂದಿಸಿದ ಜೋಡಿ. ಒಂದನ್ನು ಮಾತ್ರ ಬದಲಿಸಿದರೆ ಸದ್ದು ಹೆಚ್ಚುತ್ತದೆ. ಬೇರಿಂಗ್ ಬಿಗಿತವನ್ನೂ ಹಲ್ಲುಗಳ ನಡುವಿನ ಸಡಿಲನ್ನೂ ಅಳತೆಯಿಂದ ಕೂರಿಸಬೇಕು. ಅಂದಾಜಿನ ಕೆಲಸ ನಡೆಯದು.

2. ಹಳೆಯ ಗಾಡಿ ಕೊಳ್ಳುವಾಗ ಎಣ್ಣೆ ಇಳಿಸಿ ನೋಡಿ. ಸದ್ದು ಮುಚ್ಚಲು ಮರದ ಹೊಟ್ಟು ಬೆರೆಸುವ ಹಳೆಯ ಕೈಚಳಕ ಉಂಟು.

3. ಗ್ಯಾರೇಜಿಗೆ ಹೋದಾಗ "ಸದ್ದು ಬರುತ್ತದೆ" ಎಂದಷ್ಟೇ ಹೇಳಬೇಡಿ. ಎಷ್ಟು ವೇಗದಲ್ಲಿ, ಯಾವ ಗೇರಿನಲ್ಲಿ, ಒತ್ತಿದಾಗಲೋ ಬಿಟ್ಟಾಗಲೋ, ತಿರುವಿನಲ್ಲಿ ಬದಲಾಗುತ್ತದೆಯೋ ಎಂಬ ನಾಲ್ಕು ಸಂಗತಿಗಳನ್ನು ಚೀಟಿಯಲ್ಲಿ ಬರೆದು ಕೊಡಿ. ಮೆಕ್ಯಾನಿಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ತೋರಿಸಿ. ಆಮೇಲೆ ಬಿಚ್ಚಲಿ.

4. ಮಳೆಗಾಲದ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಎಣ್ಣೆ ಮತ್ತು ಬ್ರೀದರ್ ಪರೀಕ್ಷಿಸಿ. ಆಳವಾದ ನೀರು ದಾಟಿದ್ದರೆ ಮರುದಿನವೇ ನೋಡಿ.

ಅಡಿಕೆಗೆ ಬೋರ್ಡೋ ದ್ರಾವಣವನ್ನು ಕೊಳೆ ಬಂದ ಮೇಲೆ ಹೊಡೆಯುವ ಬೆಳೆಗಾರನನ್ನು ಕಂಡರೆ ನಾವೇ ಬುದ್ಧಿ ಹೇಳುತ್ತೇವೆ. ಗಾಡಿಯ ವಿಷಯದಲ್ಲಿ ನಾವೇ ಆ ಬೆಳೆಗಾರರಾಗಿದ್ದೆವು. ಈಗ ಸಂಘದ ಜೀಪಿನ ಲಾಗ್ ಪುಸ್ತಕದಲ್ಲಿ ಡೀಸೆಲ್, ಕಿಲೋಮೀಟರುಗಳ ಪಕ್ಕದಲ್ಲಿ 'ಚಾಲಕರ ಮಾತು' ಎಂಬ ಹೊಸ ಕಲಮನ್ನು ತೆರೆದಿದ್ದೇವೆ. ಅಲ್ಲಿ ಬರೆದದ್ದಕ್ಕೆ ಮೂರು ದಿನದೊಳಗೆ ಕಾರ್ಯದರ್ಶಿ ಉತ್ತರ ಬರೆದು ರುಜು ಹಾಕಬೇಕು. ದಿನವಿಡೀ ಗಾಡಿಯ ಜೊತೆಗಿರುವವರ ಕಿವಿಯನ್ನು ನಂಬದೆ ಕಚೇರಿಯ ಕುರ್ಚಿಯಲ್ಲಿ ಕುಳಿತು ನಕ್ಕವರು ನಾವು. ಸದಸ್ಯ ಬಂಧುಗಳು ತಮ್ಮ ತಮ್ಮ ಗಾಡಿಗಳ ವಿಷಯದಲ್ಲಿ ಹಾಗೆ ಮಾಡದಿರಲಿ ಎಂದು ಕೋರುತ್ತೇವೆ.